ಪಾತ್ರೆಯ ತಳದಲ್ಲಿ ಬರೆದ ಹೆಸರು

ಸಹಕಾರ ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆ ಎಂದ ಮೇಲೆ ಅಧ್ಯಕ್ಷರ ಮಾತು, ಕಾರ್ಯದರ್ಶಿಗಳ ವರದಿ, ಅಢಾವೆ ಪತ್ರಿಕೆ, ದಾನಿಗಳ ಭಾವಚಿತ್ರ ಇವೆಲ್ಲ ಇರಲೇಬೇಕು. ಇವುಗಳ ನಡುವೆ ಏಳು ಸಮುದ್ರದಾಚೆಯ ಕುಂಬಾರಿಕೆಯ ಚರಿತ್ರೆ ಯಾಕಪ್ಪಾ ಅಂತ ಸದಸ್ಯ ಬಾಂಧವರು ಕೇಳಬಹುದು. ಕೇಳಲಿ. ನಾಲ್ಕಾರು ಕೈ ಸೇರಿ ಒಂದು ವಸ್ತು ತಯಾರಾದಾಗ ಅದರ ಮೇಲೆ ಯಾರ ಹೆಸರಿರಬೇಕು, ಬಂದ ದುಡ್ಡು ಯಾರ ಕೈಗೆ ಹೋಗಬೇಕು, ಮಾಲು ಚೆನ್ನಾಗಿಲ್ಲ ಅಂತ ಹೇಳುವ ಅಧಿಕಾರ ಯಾರದು ಎಂಬ ಮಾತು ನಮ್ಮ ವಾರ್ಷಿಕ ಮಹಾಸಭೆಗಳಲ್ಲಿ ಏಳದ ವರ್ಷವೇ ಇಲ್ಲ. ಇದೇ ಮಾತನ್ನು ಅಮೆರಿಕದ ನ್ಯೂ ಆರ್ಲಿಯನ್ಸ್ ಎಂಬ ಊರಿನ ಹೆಣ್ಣುಮಕ್ಕಳ ಕಾಲೇಜೊಂದು 1895ರಿಂದ 1940ರ ತನಕ, ನಲವತ್ತೈದು ವರ್ಷ, ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡು ಬಂತು. ಅಲ್ಲಿ ವಿದ್ಯಾರ್ಥಿನಿಯರು ಮಣ್ಣಿನ ಪಾತ್ರೆಗಳಿಗೆ ತಾವೇ ಚಿತ್ರ ಯೋಚಿಸಿ, ತಾವೇ ಕೈಯಿಂದ ಬರೆದು, ತಳದಲ್ಲಿ ತಮ್ಮ ಹೆಸರಿನ ಅಕ್ಷರ ಹಾಕಿ ಮಾರಿದರು. ಆ ಕಥೆಯನ್ನು ನಮಗೆ ತಿಳಿದಷ್ಟು ಇಲ್ಲಿ ಹೇಳುತ್ತೇವೆ.

ಕಾಲದ ಅಂದಾಜಿಗೆ ಒಂದು ಮಾತು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಅದಕ್ಕಿಂತ ಹತ್ತು ವರ್ಷ ಹಿಂದೆ ಈ ಕುಂಬಾರಿಕೆ ಶುರುವಾಯಿತು.

ನ್ಯೂ ಆರ್ಲಿಯನ್ಸ್ ಎಂಬುದು ಮಿಸಿಸಿಪ್ಪಿ ಎಂಬ ಮಹಾನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರದ ಬಂದರು ಪಟ್ಟಣ. ಹತ್ತಿ, ಸಕ್ಕರೆ ವ್ಯಾಪಾರದಿಂದ ಮೆರೆದ ಊರು. ಆ ಸಿರಿಯೆಲ್ಲ ಬೆಳೆದದ್ದು ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆವರಿನ ಮೇಲೆ, ಅದನ್ನು ಮರೆಯುವಂತಿಲ್ಲ. 1861ರಿಂದ 1865ರವರೆಗೆ ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆದು, ದಕ್ಷಿಣದವರು ಸೋತು, ಗುಲಾಮಗಿರಿ ರದ್ದಾಯಿತು. ಯುದ್ಧದಲ್ಲಿ ಗಂಡಸರು ಸತ್ತರು, ಆಸ್ತಿ ಕರಗಿತು. ಅಡಿಗೆ ಕೋಣೆ, ಅತಿಥಿ ಸತ್ಕಾರ ಬಿಟ್ಟು ಬೇರೇನೂ ಕಲಿಯದಿದ್ದ ದೊಡ್ಡ ಮನೆತನದ ಹೆಣ್ಣುಮಕ್ಕಳು ಮುಂದೆ ಏನು ದುಡಿದು ಬದುಕಬೇಕು ಎಂಬುದು ಆ ಊರಿಗೆ ನಿಜವಾದ ಪ್ರಶ್ನೆಯಾಯಿತು. ಮೇಷ್ಟರಗಿರಿ, ಹೊಲಿಗೆ ಬಿಟ್ಟರೆ ಮರ್ಯಾದಸ್ಥ ಹೆಂಗಸರಿಗೆ ಇಂಥ ಕೆಲಸ ಅಂತ ಒಪ್ಪುವವರೇ ಕಡಿಮೆ.

ಆ ಸಮಯಕ್ಕೆ ಜೋಸೆಫಿನ್ ನ್ಯೂಕಂಬ್ ಎಂಬ ತಾಯಿಯೊಬ್ಬರು ಮುಂದೆ ಬಂದರು. ಗಂಡ ಸಕ್ಕರೆ ವ್ಯಾಪಾರಿ, 1866ರಲ್ಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸೋಫಿ 1870ರಲ್ಲಿ, ಹದಿನೈದನೇ ವಯಸ್ಸಿಗೆ, ಗಂಟಲಮಾರಿ ಬಂದು ಹೋಗಿಬಿಟ್ಟಳು. ಮಗಳ ಹೆಸರು ಉಳಿಯಬೇಕೆಂದು ಈ ತಾಯಿ 1886ರಲ್ಲಿ ಒಂದು ಲಕ್ಷ ಡಾಲರ್ ಕೊಟ್ಟು ಟುಲೇನ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಸೋಫಿ ನ್ಯೂಕಂಬ್ ಮಹಿಳಾ ಕಾಲೇಜು ತೆರೆಸಿದರು. ನಮ್ಮ ಕಡೆ ಮಕ್ಕಳ ನೆನಪಿಗೆ ಅರವಟ್ಟಿಗೆ, ದೇವಸ್ಥಾನದ ಕಟ್ಟೆ ಕಟ್ಟಿಸುವುದುಂಟಲ್ಲ, ಹಾಗೆ. ಆದರೆ ದಾನಪತ್ರದಲ್ಲಿ ಈ ವಿದ್ಯೆ ಬಿಳಿಯ ಹೆಣ್ಣುಮಕ್ಕಳಿಗೆ ಎಂದು ಸ್ಪಷ್ಟವಾಗಿ ಬರೆದಿತ್ತು. ಇದನ್ನು ಈಗಲೇ ಹೇಳಿಡುತ್ತೇವೆ, ಮುಂದೆ ಬೇಕಾಗುತ್ತದೆ.

ಕಾಲೇಜಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು ವಿಲಿಯಂ ವುಡ್‌ವರ್ಡ್, ಎಲ್ಸ್‌ವರ್ತ್ ವುಡ್‌ವರ್ಡ್ ಎಂಬ ಅಣ್ಣತಮ್ಮಂದಿರು. 1884-85ರಲ್ಲಿ ಆ ಊರಿನಲ್ಲಿ ಹತ್ತಿಯ ದೊಡ್ಡ ವಸ್ತುಪ್ರದರ್ಶನ ನಡೆದಿತ್ತು. ಆ ಸುಮಾರಿಗೆ ಬಂದ ಈ ಸಹೋದರರು ಊರಿನ ಹೆಂಗಸರಿಗೆ ಚಿತ್ರದ ತರಗತಿ ನಡೆಸಿದರು. ಕಲಿತ ಕೆಲವರು ಸೇರಿ ಬಾರೋನ್ ಎಂಬ ಬೀದಿಯಲ್ಲಿ ಸಣ್ಣದೊಂದು ಕಲಾ ಕುಂಬಾರಿಕೆಯನ್ನೇ ತೆರೆದರು. ಕೆಲವು ವರ್ಷ ಕುಂಟುತ್ತಾ ನಡೆದು ಮುಚ್ಚಿತು. ಚಿತ್ರ ಬರೆಯುವ ಕೈಗಳಿದ್ದವು, ಆದರೆ ಹಿಂದೆ ನಿಲ್ಲುವ ಸಂಸ್ಥೆಯ ಬಲ ಇರಲಿಲ್ಲ. ಎಲ್ಸ್‌ವರ್ತ್ ವುಡ್‌ವರ್ಡ್ ಅವರು ಆ ಅನುಭವದ ಮೇಲೆಯೇ ಕಾಲೇಜಿನೊಳಗೆ ಕುಂಬಾರಿಕೆ ತರಬೇಕು, ಅದು ಪಾಠವೂ ಆಗಬೇಕು, ಅಂಗಡಿಯೂ ಆಗಬೇಕು ಅಂತ ಹಟ ಹಿಡಿದರು. ಸಿನ್ಸಿನಾಟಿ ಎಂಬ ಊರಿನಲ್ಲಿ 1880ರಲ್ಲಿ ಮರಿಯಾ ಲಾಂಗ್‌ವರ್ತ್ ನಿಕೋಲ್ಸ್ ಎಂಬ ಮಹಿಳೆ ಸ್ಥಾಪಿಸಿದ ರೂಕ್‌ವುಡ್ ಕುಂಬಾರಿಕೆ ಆಗಲೇ ಹೆಸರು ಮಾಡಿತ್ತು. ಅದೇ ಊರಿನಿಂದ 1894ರಲ್ಲಿ ಮೇರಿ ಶೀರರ್ ಎಂಬ ಕಲಾವಿದೆಯನ್ನು ಕರೆಸಿಕೊಂಡರು. 1931ರಲ್ಲಿ ನಿವೃತ್ತರಾಗುವ ತನಕ ಆಕೆ ಈ ಕೆಲಸದ ಬೆನ್ನೆಲುಬಾಗಿದ್ದರು.

ಈಗ ಕೆಲಸ ನಡೆಯುತ್ತಿದ್ದ ರೀತಿಗೆ ಬರೋಣ. ನಮ್ಮ ಓದುಗರಲ್ಲಿ ಕುಂಬಾರಿಕೆ ಬಲ್ಲ ಮನೆತನದವರಿದ್ದಾರೆ, ಅವರಿಗೆ ಇದು ಹೆಚ್ಚು ಹಿಡಿಸೀತು.

ಮಣ್ಣು ಲೂಸಿಯಾನ, ಮಿಸಿಸಿಪ್ಪಿ ಸೀಮೆಯದೇ, ಹೊರಗಿನದಲ್ಲ. ತಿಗರಿಯ ಮೇಲೆ ಪಾತ್ರೆ ಎತ್ತುವ ಕೆಲಸ ಮಾತ್ರ ಗಂಡಸರದು. ಹೆಣ್ಣುಮಕ್ಕಳಿಗೆ ಅದು ಆಗದ ಕೆಲಸ, ಒಪ್ಪದ ಕೆಲಸ ಎಂಬ ನಂಬಿಕೆ ಅಲ್ಲಿತ್ತು. ನಗುವ ಹಾಗಿಲ್ಲ, ನಮ್ಮಲ್ಲೂ ಹೆಂಗಸರು ತಿಗರಿ ಮುಟ್ಟಬಾರದೆಂಬ ಕಟ್ಟಳೆ ಎಷ್ಟೋ ಕಡೆ ಇತ್ತು. ಮಣ್ಣು ಹೊರುವುದು, ಸೋಸುವುದು, ತುಳಿಯುವುದಕ್ಕೆ ಮಾತ್ರ ಅವರು ಬೇಕು! ನ್ಯೂಕಂಬಿನಲ್ಲಿ 1896ರಿಂದ ಮೂವತ್ತು ವರ್ಷಗಳ ಮೇಲೆ ತಿಗರಿಗೆ ಕೂತವರು ಜೋಸೆಫ್ ಮೇಯರ್ ಎಂಬ ಕುಂಬಾರರು. ಬಾರೋನ್ ಬೀದಿಯ ಕುಂಬಾರಿಕೆಯಲ್ಲೂ ಕೆಲಸ ಮಾಡಿದ್ದವರು. ಅವರ ಗೆಳೆಯ ಜಾರ್ಜ್ ಓರ್ ಕೂಡ ಸ್ವಲ್ಪ ಕಾಲ ಅಲ್ಲಿದ್ದ. ಅವನು ‘ಬಿಲಾಕ್ಸಿಯ ಹುಚ್ಚು ಕುಂಬಾರ’ ಎಂದು ಹೆಸರಾದ ಅಸಾಮಿ, ಅವನದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ.

ಮೇಯರ್ ಎತ್ತಿದ ಹೂದಾನಿ, ಹೂಜಿ, ಬಟ್ಟಲು ಅರೆ ಒಣಗಿ ಗಟ್ಟಿಯಾಗುವ ಹೊತ್ತಿಗೆ ಚಿತ್ರಗಾರ್ತಿಯ ಕೈಗೆ ಬರುತ್ತಿತ್ತು. ಅಷ್ಟರಲ್ಲಿ ಅವಳು ಕಾಗದದ ಮೇಲೆ ಚಿತ್ರ ಸಿದ್ಧ ಮಾಡಿಕೊಂಡಿರಬೇಕು. ಮೊದಲು ಗಿಡವನ್ನು ಇದ್ದಂತೆ ನೋಡಿ ಬರೆಯುವುದು. ಆಮೇಲೆ ಬೇಡದ್ದನ್ನು ಬಿಟ್ಟು, ಎಲೆಯ ಅಂಚು, ದೇಟು, ಹೂವಿನ ದಳ ಇಷ್ಟನ್ನೇ ಉಳಿಸಿ, ಪಾತ್ರೆಯ ಸುತ್ತ ಮೂರು ಸಲವೋ ಐದು ಸಲವೋ ಮರುಕಳಿಸುವಂತೆ ಹೊಂದಿಸುವುದು. ಕಂಠದ ಹತ್ತಿರ ಜಾಗ ಕಿರಿದು, ಹೊಟ್ಟೆಯ ಹತ್ತಿರ ಅಗಲ. ಚಪ್ಪಟೆ ಕಾಗದದಲ್ಲಿ ಚೆಂದ ಕಂಡ ಬಳ್ಳಿ ಪಾತ್ರೆಯ ಉಬ್ಬಿನ ಮೇಲೆ ಸೊಟ್ಟಗಾಗುತ್ತದೆ. ಮದುವೆಯ ಐರಾಣಿ ಗಡಿಗೆಗೆ ಸುಣ್ಣ, ಕೆಮ್ಮಣ್ಣು ಹಚ್ಚಿ ಚಿತ್ತಾರ ಬರೆದ ತಾಯಂದಿರಿಗೆ ಈ ಕಷ್ಟ ಗೊತ್ತು. ಬರೆಯುವ ಗೆರೆ ಸುತ್ತಿ ಬಂದು ಶುರುವಾದ ಗೆರೆಗೇ ಕೂಡಬೇಕು, ಒಂದು ಬೆರಳು ಹೆಚ್ಚು ಕಡಿಮೆಯಾದರೂ ಎದ್ದು ಕಾಣುತ್ತದೆ.

ಹೊಂದಿಸಿದ ಚಿತ್ರವನ್ನು ಹಸಿ ಪಾತ್ರೆಯ ಮೇಲೆ ಮೊನೆಯುಳ್ಳ ಸಲಕರಣೆಯಿಂದ ಗೀರುತ್ತಿದ್ದರು. ಒಮ್ಮೆ ಸುಟ್ಟ ಮೇಲೆ ಆ ಗೀರುಗಳ ನಡುವೆ ಬಣ್ಣ ತುಂಬುವುದು. ಎಲ್ಲಾ ಬಣ್ಣ ಬೆಂಕಿ ತಡೆಯುವುದಿಲ್ಲ. ತಡೆಯುವವು ಲೋಹದ ಭಸ್ಮಗಳು: ಕೋಬಾಲ್ಟಿನಿಂದ ನೀಲಿ, ಕ್ರೋಮಿನಿಂದ ಹಸಿರು, ಜೊತೆಗೆ ಅಷ್ಟಿಷ್ಟು ಹಳದಿ, ಕಪ್ಪು. ಕೋಬಾಲ್ಟು ಹಚ್ಚುವಾಗ ಮಂಕಾಗಿರುತ್ತದೆ, ನೀಲಿ ಕಾಣುವುದು ಭಟ್ಟಿಯಿಂದ ಹೊರಗೆ ಬಂದ ಮೇಲೆಯೇ. ಅಂದರೆ ಬರೆಯುವವಳು ಕಣ್ಣೆದುರಿನ ಬಣ್ಣ ನಂಬದೆ, ಬೆಂಕಿ ಕೊಡಲಿರುವ ಬಣ್ಣವನ್ನು ಮನಸ್ಸಿನಲ್ಲಿ ಕಂಡು ಬರೆಯಬೇಕು. ಅದರ ಮೇಲೆ ಗಾಜಿನಂಥ ಮೆರುಗಿನ ದ್ರಾವಣ ಕೊಟ್ಟು, ಅಂದರೆ ಗ್ಲೇಜು ಹಾಕಿ, ಇನ್ನೊಮ್ಮೆ ಭಟ್ಟಿಗೆ. ಈ ಎರಡನೇ ಬೆಂಕಿಯಲ್ಲಿ ಬಣ್ಣ ಹರಿಯಬಹುದು, ಮೆರುಗು ಬಿರುಕು ಬಿಡಬಹುದು, ಪಾತ್ರೆಯೇ ಒಡೆಯಬಹುದು. ಆವಿಗೆಗೆ ಬೆಂಕಿ ಹಾಕಿದ ರಾತ್ರಿ ನಿದ್ದೆ ಬರುವುದಿಲ್ಲ ಅನ್ನುವ ನಮ್ಮ ಕುಂಬಾರರ ಮಾತು ಅಲ್ಲಿಗೂ ಸಲ್ಲುತ್ತದೆ.

ಯಾವ ಚಿತ್ರ ಬರೆಯಬೇಕು? ಇಲ್ಲಿ ಆ ಗುರುಗಳು ಹಾಕಿದ ನಿಯಮ ನಮಗೆ ಬಹಳ ಮೆಚ್ಚುಗೆಯಾದದ್ದು. ಫ್ರಾನ್ಸು, ಜಪಾನು ನೋಡಿ ನಕಲು ಮಾಡಬೇಡಿ, ನಿಮ್ಮ ಸೀಮೆಯ ಗಿಡ, ಹೂವು, ಹಕ್ಕಿ, ಮರ ಬರೆಯಿರಿ ಅಂದರು. ಹಾಗಾಗಿ ಆ ಪಾತ್ರೆಗಳ ಮೇಲೆ ಕಾಣುವುದು ಮ್ಯಾಗ್ನೋಲಿಯಾ ಹೂವು, ಜೌಗು ನೆಲದ ಐರಿಸ್, ಪೈನ್ ಮರ, ಸೈಪ್ರೆಸ್ ಮರ. ಎರಡನೆಯ ನಿಯಮ, ಒಂದರ ಹಾಗೆ ಇನ್ನೊಂದು ಇರಕೂಡದು. ಅಚ್ಚು ಒತ್ತುವ ಕಾರ್ಖಾನೆಗಳು ಸಾವಿರ ಸಾವಿರ ಒಂದೇ ನಮೂನೆ ಪಾತ್ರೆ ಹೊರಹಾಕುತ್ತಿದ್ದ ಕಾಲದಲ್ಲಿ ಇದು ದುಬಾರಿ ಹಟವೇ ಸರಿ.

ಮೂರನೆಯದು ತಳದ ಗುರುತು. ನ್ಯೂಕಂಬ್ ಪಾತ್ರೆಯೊಂದನ್ನು ತಿರುವಿ ಹಾಕಿದರೆ ಕಾಲೇಜಿನ ಮುದ್ರೆ ಇರುತ್ತದೆ, ಇಂಗ್ಲಿಷಿನ ‘ಸಿ’ ಅಕ್ಷರದ ಹೊಟ್ಟೆಯೊಳಗೆ ‘ಎನ್’. ಪಕ್ಕದಲ್ಲಿ ಚಿತ್ರ ಬರೆದವಳ ಹೆಸರಿನ ಅಕ್ಷರಗಳು. ಪಾತ್ರೆ ಎತ್ತಿದ ಮೇಯರ್ ಅವರ ‘ಜೆ’ ಮತ್ತು ‘ಎಂ’. ಮಣ್ಣಿನ ಜಾತಿ ತಿಳಿಸುವ ಅಕ್ಷರ, ನೋಂದಣಿ ಸಂಖ್ಯೆ. ಆ ಸಂಖ್ಯೆಯಿಂದ ಯಾವ ವರ್ಷದ್ದು ಅಂತ ಇವತ್ತಿಗೂ ಹೇಳಬಹುದು. ನಮ್ಮ ಸಂಘದ ಸ್ಟಾಕ್ ರಿಜಿಸ್ಟರ್ ಹೀಗಿದ್ದರೆ ಲೆಕ್ಕ ಪರಿಶೋಧಕರು ಕೈ ಮುಗಿದು ಹೋಗುತ್ತಿದ್ದರು! ಸಿದ್ಧವಾದ ಪಾತ್ರೆಗಳನ್ನು ತಜ್ಞರು ಕೂತು ನೋಡುತ್ತಿದ್ದರು. ಗುಣಮಟ್ಟಕ್ಕೆ ಬಾರದ ಪಾತ್ರೆಯ ಕಾಲೇಜು ಮುದ್ರೆಯನ್ನು ಉಜ್ಜಿ ಅಳಿಸಲಾಗುತ್ತಿತ್ತು. ಮುದ್ರೆ ಇಲ್ಲ ಅಂದರೆ ಅದು ನ್ಯೂಕಂಬ್ ಪಾತ್ರೆಯೇ ಅಲ್ಲ.

ತಳದ ಈ ಅಕ್ಷರಗಳ ಬೆಲೆ ತಿಳಿಯಲು ನಮ್ಮ ದೇಶದ ಒಂದು ಉದಾಹರಣೆ ಸಾಕು. ಆಗ ಧಾರವಾಡ, ಬೆಳಗಾವಿ ಸೀಮೆಯೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ, ಸರ್ ಜಮ್ಷೇಟ್‌ಜಿ ಜೀಜೀಭಾಯ್ ಅವರ ದಾನದಿಂದ 1857ರಲ್ಲಿ ಕಲಾಶಾಲೆ ತೆರೆಯಿತು. ಜೆ.ಜೆ. ಕಲಾಶಾಲೆ ಅಂತ ನಾವೆಲ್ಲ ಕೇಳಿದ್ದೇ ಅದು. ಅಲ್ಲಿನ ಶಿಕ್ಷಕ ಜಾನ್ ಗ್ರಿಫಿತ್ಸ್ 1872ರಿಂದ 1885ರವರೆಗೆ ವಿದ್ಯಾರ್ಥಿಗಳನ್ನು ಅಜಂತಾ ಗುಹೆಗಳಿಗೆ ಕರೆದೊಯ್ದು ಚಿತ್ರಗಳ ನಕಲು ತೆಗೆಸಿದರು. ಅದೇ ಕಾಲಕ್ಕೆ ಜಾರ್ಜ್ ಟೆರಿ ಎಂಬ ಇನ್ನೊಬ್ಬ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಶಾಲೆಯಲ್ಲಿ ಕುಂಬಾರಿಕೆಯೂ ನಡೆದು, ಅಜಂತಾದ ಆಕೃತಿಗಳು ಹೂದಾನಿಗಳ ಮೈಮೇಲೆ ಬಂದವು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಅವು ಈಗಲೂ ಇವೆ. ಬಹುಮಟ್ಟಿಗೆ ಅವಕ್ಕೆ ಇರುವ ಹೆಸರು ಬೊಂಬಾಯಿ ಕಲಾಶಾಲೆಯದು, ಟೆರಿಯದು. ಕುಂಚ ಹಿಡಿದ ಹುಡುಗರು ಯಾರು ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಅಷ್ಟು ದೂರ ಯಾಕೆ, ಸಾಗರ, ಸೊರಬದ ಕಡೆ ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆದ ಎಷ್ಟು ಮಂದಿ ಚಿತ್ತಾರಗಿತ್ತಿಯರ ಹೆಸರು ನಮಗೆ ಗೊತ್ತಿದೆ? ನ್ಯೂಕಂಬಿನ ಹುಡುಗಿಯರ ಹೆಸರು ಗೊತ್ತಿರುವುದು ಅವರು ಹೆಚ್ಚು ಜಾಣೆಯರು ಅಂತಲ್ಲ, ತಳದಲ್ಲಿ ಬರೆದಿಟ್ಟರು ಅಂತ. ಹೆನ್ರಿಯೆಟ್ಟಾ ಬೈಲಿ, ಮರೀ ಲೆಬ್ಲಾಂಕ್, ಹ್ಯಾರಿಯೆಟ್ ಜೂರ್, ಸೇಡಿ ಅರ್ವಿನ್ ಹೀಗೆ ಸಾಲು ಸಾಲು ಹೆಸರು ಉಳಿದಿವೆ.

1900ರಲ್ಲಿ ಪ್ಯಾರಿಸ್ಸಿನ ಮಹಾ ವಸ್ತುಪ್ರದರ್ಶನದಲ್ಲಿ ಈ ಪಾತ್ರೆಗಳಿಗೆ ಕಂಚಿನ ಪದಕ ಬಂತು. ಐದು ವರ್ಷದ ಕೂಸಿಗೆ ಇದು ಸಣ್ಣ ಗೌರವವಲ್ಲ. ಊರಿನವರು ಮದುವೆ ಉಡುಗೊರೆಗೆ, ಪ್ರವಾಸಿಗಳು ನೆನಪಿಗೆ ಕೊಳ್ಳತೊಡಗಿದರು. ಓದು ಮುಗಿಸಿದ ಹೆಣ್ಣುಮಕ್ಕಳು ಬೇಕಾದರೆ ಕುಂಬಾರಿಕೆಯಲ್ಲೇ ಉಳಿದು ಕೆಲಸ ಮಾಡಬಹುದಿತ್ತು, ಮಾರಾಟದಿಂದ ಅವರಿಗೆ ಹಣ ಸಿಗುತ್ತಿತ್ತು. ಆದರೆ ಒಂದು ಮಾತು ಬಿಚ್ಚಿ ಹೇಳಬೇಕು. ಇದು ಸಹಕಾರ ಸಂಘವಾಗಿರಲಿಲ್ಲ. ಚಿತ್ರಗಾರ್ತಿಗೆ ಷೇರು ಇಲ್ಲ, ಮತ ಇಲ್ಲ, ಮಹಾಸಭೆ ಇಲ್ಲ. ಹೆಸರು ಅವಳದು, ಆಡಳಿತ ಕಾಲೇಜಿನದು. ದುಡಿದು ಸ್ವತಂತ್ರವಾಗಿ ಬದುಕುವ ಮಟ್ಟಿಗೆ ಇದನ್ನು ವೃತ್ತಿಯಾಗಿ ಹಿಡಿದವರೂ ಕಲಿತವರಲ್ಲಿ ಕೆಲವರೇ. ನಲವತ್ತೈದು ವರ್ಷದಲ್ಲಿ ಸುಮಾರು 90 ಮಂದಿ ಹೆಂಗಸರು ಇಲ್ಲಿ ವೃತ್ತಿಯ ಚಿತ್ರಗಾರ್ತಿಯರಾಗಿದ್ದರು, ಹೊರಬಂದ ಪಾತ್ರೆಗಳು ಸುಮಾರು 70,000 ಎಂಬುದು ಬಲ್ಲವರ ಅಂದಾಜು.

ಹೆಸರು, ದುಡ್ಡು ಎರಡೂ ಬಂದ ಮೇಲೆ ಶುರುವಾದದ್ದು ಗಿರಾಕಿಯ ಕಾಟ. ಸೇಡಿ ಅರ್ವಿನ್ ಅವರ ಕಥೆ ಇದೇ. 1887ರಲ್ಲಿ ಹುಟ್ಟಿ, ಹದಿಹರೆಯದಲ್ಲೇ ಕಾಲೇಜು ಸೇರಿದ ಈಕೆ ದಕ್ಷಿಣದ ಓಕ್ ಮರವನ್ನು ಬರೆದರು. ಆ ಸೀಮೆಯ ಓಕ್ ಮರದ ಕೊಂಬೆಗಳಿಂದ ಸ್ಪ್ಯಾನಿಶ್ ಮಾಸ್ ಎಂಬ ಬೂದು ಬಣ್ಣದ ಸಸ್ಯ ಋಷಿಗಳ ಗಡ್ಡದ ಹಾಗೆ ಇಳಿಬಿದ್ದಿರುತ್ತದೆ. ಅದರ ಹಿಂದೆ ಹುಣ್ಣಿಮೆ ಚಂದ್ರ. 1910ರಲ್ಲಿ ಪಾಲ್ ಕಾಕ್ಸ್ ಎಂಬ ಕುಂಬಾರಿಕೆಯ ರಸಾಯನ ಬಲ್ಲವರು ಬಂದು, ಹೊಳೆಯುವ ಮೆರುಗಿನ ಬದಲು ಮಂಜು ಕವಿದಂಥ ಮೆತ್ತನೆಯ ಗ್ಲೇಜು ತಯಾರಿಸಿದರು. ಗೀರಿ ತುಂಬುವ ಬದಲು ಚಿತ್ರವನ್ನು ಸ್ವಲ್ಪ ಉಬ್ಬಾಗಿ ಕೆತ್ತುವ ಪದ್ಧತಿ ಬಂತು. ಓಕ್ ಮರ, ಗಡ್ಡ, ಚಂದ್ರ, ಮೇಲೆ ಆ ನೀಲಿ ಮಂಜು, ಜನ ಮುಗಿಬಿದ್ದರು. ನ್ಯೂ ಆರ್ಲಿಯನ್ಸಿಗೆ ಬಂದವರಿಗೆಲ್ಲ ಅದೇ ಬೇಕು. ಅಂಗಡಿಯಲ್ಲಿ ಬೇರೆ ಚಿತ್ರ ತೋರಿಸಿದರೂ ಓಕ್ ಇಲ್ಲವೇ ಅಂತ ಕೇಳುವುದು. ಕೊನೆಗೆ ಸೇಡಿ ಅರ್ವಿನ್ ಮಾತ್ರವಲ್ಲ, ಉಳಿದವರೂ ವರ್ಷಗಟ್ಟಲೆ ಅದನ್ನೇ ಬರೆಯಬೇಕಾಯಿತು. ಆ ಮರವನ್ನು ಮೊದಲು ಬರೆದವಳು ನೀನೇ ಎಂಬ ಆರೋಪ ತನ್ನ ಮೇಲಿದೆ, ಅದಕ್ಕಾಗಿ ಪಶ್ಚಾತ್ತಾಪ ಪಡುವಷ್ಟು ದಿನ ಬದುಕಿದ್ದೇನೆ ಎಂಬರ್ಥದಲ್ಲಿ ಆಕೆ ಮುಂದೆ ಹೇಳಿಕೊಂಡದ್ದುಂಟು.

ಒಂದರ ಹಾಗೆ ಇನ್ನೊಂದು ಇರಕೂಡದೆಂಬ ನಿಯಮ ಕಾಗದದ ಮೇಲೆ ಹಾಗೇ ಇತ್ತು. ಪ್ರತಿಯೊಂದನ್ನೂ ಕೈಯಲ್ಲೇ ಬರೆಯುವುದರಿಂದ ಈ ಮರದ ಕೊಂಬೆ ಎಡಕ್ಕೆ, ಆ ಮರದ್ದು ಬಲಕ್ಕೆ, ಚಂದ್ರ ಒಂದಿಷ್ಟು ಮೇಲೆ ಕೆಳಗೆ. ನಿಯಮ ಮುರಿಯಲಿಲ್ಲ, ಆದರೆ ನಿಯಮದ ಜೀವ ಹೋಗಿತ್ತು. ಚಿತ್ರಗಳಲ್ಲಿ ನೋಡಿದ ಮಟ್ಟಿಗೆ ನಮಗೆ 1910ಕ್ಕಿಂತ ಹಿಂದಿನ ಹೊಳಪಿನ ಪಾತ್ರೆಗಳೇ ಹೆಚ್ಚು ಇಷ್ಟ. ಅವುಗಳ ಮೇಲೆ ಹುಡುಗಿಯೊಬ್ಬಳು ಬೆಳಗ್ಗೆ ಕಂಡ ಹೂವನ್ನು ಮಧ್ಯಾಹ್ನ ಬರೆದ ಹುರುಪು ಕಾಣುತ್ತದೆ. ಹಾಗಂತ ಗಿರಾಕಿಯನ್ನು ಬೈದು ಪ್ರಯೋಜನವಿಲ್ಲ. ಓಕ್ ಮರದ ಪಾತ್ರೆ ಹೋದದ್ದರಿಂದಲೇ ಭಟ್ಟಿಯ ಬೆಂಕಿ ಆರದೆ ಉಳಿಯಿತು, ಚಿತ್ರಗಾರ್ತಿಯ ಕೈಗೆ ದುಡ್ಡು ಬಂತು. ಒಳ್ಳೇ ತಳಿ ಬಿಟ್ಟು ಮಾರುಕಟ್ಟೆ ಕೇಳಿದ ತಳಿಯನ್ನೇ ವರ್ಷ ವರ್ಷ ಬಿತ್ತುವ ನಮ್ಮ ರೈತ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. 1918ರಲ್ಲಿ ಕಾಲೇಜು ಊರಿನ ಇನ್ನೊಂದು ಭಾಗಕ್ಕೆ, ವಿಶ್ವವಿದ್ಯಾಲಯದ ಮಗ್ಗುಲಿಗೆ ಹೋಯಿತು. ಅದೇ ವರ್ಷ ಕಾಕ್ಸ್ ಬಿಟ್ಟು ಹೋದರು. ಮೇಯರ್ 1927ರ ಹೊತ್ತಿಗೆ ತಿಗರಿಯಿಂದ ಎದ್ದರು. 1929ರ ನಂತರ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ, ಹೂದಾನಿ ಕೊಳ್ಳುವವರಾರು? 1931ರಲ್ಲಿ ವುಡ್‌ವರ್ಡ್, ಶೀರರ್ ಇಬ್ಬರೂ ನಿವೃತ್ತರಾದರು. 1940ರಲ್ಲಿ ನ್ಯೂಕಂಬ್ ಕುಂಬಾರಿಕೆ ಮುಚ್ಚಿತು. ಸೇಡಿ ಅರ್ವಿನ್ ಮಾತ್ರ ಅದೇ ಕಾಲೇಜಿನಲ್ಲಿ ಕಲೆ ಕಲಿಸುತ್ತಾ 1952ರ ತನಕ ಇದ್ದು, 1970ರಲ್ಲಿ ತೀರಿಕೊಂಡರು. ಆಕೆ ಮತ್ತು ಆಕೆಯ ಜೊತೆಗಾರ್ತಿಯರು ಬರೆದ ಪಾತ್ರೆಗಳು ಈಗ ಹರಾಜಿಗೆ ಬಂದರೆ ಲಕ್ಷಗಟ್ಟಲೆ ರೂಪಾಯಿ, ಒಂದೊಂದು ಲಕ್ಷ ಡಾಲರನ್ನೇ ದಾಟಿದ್ದೂ ಉಂಟು. ಕೊಳ್ಳುವವರು ಮೊದಲು ಮಾಡುವ ಕೆಲಸ ತಿರುವಿ ತಳ ನೋಡುವುದು.

ಮಗಳ ಹೆಸರಿಗಾಗಿ ತಾಯಿ ಕಟ್ಟಿಸಿದ ಕಾಲೇಜಿನ ಗತಿ ಏನಾಯಿತು ಅಂತ ಕೇಳುವಿರಾದರೆ, 2005ರಲ್ಲಿ ಕತ್ರೀನಾ ಎಂಬ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದ ಮೇಲೆ, 2006ರಲ್ಲಿ ವಿಶ್ವವಿದ್ಯಾಲಯ ಅದನ್ನು ಪ್ರತ್ಯೇಕ ಮಹಿಳಾ ಕಾಲೇಜಾಗಿ ಉಳಿಸದೆ ತನ್ನೊಳಗೆ ವಿಲೀನ ಮಾಡಿಕೊಂಡಿತು. ದಾನಿಯ ಕಡೆಯ ವಂಶಸ್ಥರು ಕೋರ್ಟಿಗೆ ಹೋದರು, ಕೇಸು ಗೆಲ್ಲಲಿಲ್ಲ. ನ್ಯೂಕಂಬ್ ಎಂಬ ಹೆಸರು ಮಾತ್ರ ವಿಲೀನಗೊಂಡ ಕಾಲೇಜಿನ ಹೆಸರಿನಲ್ಲಿ ಉಳಿದಿದೆ.

ದಾನಪತ್ರದ ಮಾತೊಂದು ಬಾಕಿ ಇತ್ತು. ಆ ಊರಿನಲ್ಲಿ ಬಿಳಿಯರಷ್ಟೇ ಹಳಬರಾದ ಕರಿಯ ಜನ ಸಾವಿರಾರು ಮಂದಿ ಇದ್ದರು. ಅವರ ಹೆಣ್ಣುಮಕ್ಕಳಿಗೂ ದುಡಿಮೆ ಬೇಕಿತ್ತು, ಬಿಳಿಯರಿಗಿಂತ ಹೆಚ್ಚೇ ಬೇಕಿತ್ತು. ಅವರಲ್ಲೂ ಚಿತ್ರ ಬರೆಯುವ ಕೈಗಳಿದ್ದಿರಲೇಬೇಕು. ಆದರೆ ಟುಲೇನ್ ವಿಶ್ವವಿದ್ಯಾಲಯ ಕರಿಯ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1963ರಲ್ಲಿ. ಅಷ್ಟೊತ್ತಿಗೆ ಕುಂಬಾರಿಕೆಯ ಭಟ್ಟಿ ಆರಿ ಇಪ್ಪತ್ತಮೂರು ವರ್ಷವಾಗಿತ್ತು. ಎಪ್ಪತ್ತು ಸಾವಿರ ಪಾತ್ರೆಗಳನ್ನು ಒಂದೊಂದಾಗಿ ತಿರುವಿ ನೋಡಿದರೂ ಆ ಕಾಲೇಜಿನಲ್ಲಿ ಕಲಿತ ಒಬ್ಬ ಕರಿಯ ಹುಡುಗಿಯ ಅಕ್ಷರ ತಳದಲ್ಲಿ ಸಿಗುವುದಿಲ್ಲ.